ಬಂಡೆ ಸಂದಿಯಲ್ಲಿ ಒಂದು ‘ಆವು’

ಯಾರೋ ಅಪರಿಚಿತ ತನ್ನ ಕೈ ಹಿಡಿದು ಎಳೆದಾಗ ಗ್ರೀಷ್ಮಾಳಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು.

“ಬಿಡಿ ಕೈ! ಎಂತ ಇದು?”

ಎರಡು ಸುಣ್ಣಕಲ್ಲಿನ ಬಂಡೆಗಳ ನಡುವಿನ ಸಂದಿ ಅದು. ತಲೆಯೆತ್ತಿದರೆ ಆಕಾಶ ಸೀರೆಯ ಅಂಚಿನಷ್ಟೇ ಕಾಣುತ್ತಿತ್ತು. ಶುಕ್ರವಾರದ ರಜೆಗೆಂದು ದೋಹಾದ ಬಿನ್ ಒಮ್ರಾನ್‌ನಿಂದ ಅಕ್ಕ ಮೋಕ್ಷಾಳ ಜೊತೆ ಝಿಕ್ರೀತ್ ಮರುಭೂಮಿಯ ಟೂರ್‌ಗೆ ಬಂದಿದ್ದಳು ಗ್ರೀಷ್ಮಾ. ಬಂಡೆಯ ಮೈಮೇಲಿನ ಗೆರೆಗಳನ್ನು ಸವರುತ್ತಾ, ಇದನ್ನು ಕೊರೆದದ್ದು ಗಾಳಿಯೋ ನೀರೋ ಎಂದು ಯೋಚಿಸುತ್ತಿದ್ದಳು. ಅಷ್ಟರಲ್ಲಿ ಮುಂದೆ ನಡೆಯುತ್ತಿದ್ದವನು ತಟ್ಟನೆ ತಿರುಗಿ, ಅವಳನ್ನು ತನ್ನ ಬೆನ್ನ ಹಿಂದಕ್ಕೆ ಎಳೆದುಬಿಟ್ಟಿದ್ದ.

ಹೆಣ್ಣಿನ ಕೈ ಹಿಡಿಯುವುದೆಂದರೆ ನಮ್ಮಲ್ಲಿ ಸಣ್ಣ ಮಾತೇ?

ಹೊರಗೆ ಬಂದವಳೇ ಎಲ್ಲರೆದುರು ಗೈಡ್ ಮುಝಮ್ಮಿಲ್‌ಗೆ ದೂರು ಹೇಳಿದಳು. ಇಡೀ ಗುಂಪು ಆ ಯುವಕನತ್ತ ಕೆಟ್ಟದಾಗಿ ನೋಡಿತು. ಅವನ ಹೆಸರು ಚನ್ನಬಸವ. ಅವನ ಮುಖ ಬಿಳುಚಿಕೊಂಡಿತು.

“ನೀವ ಹಾವು, ಹಾವು ಅಂದ್ರಲ್ರೀ...”

“ನಾನಾ? ಅಕ್ಕ ಹಿಂದಿನಿಂದ ಜಾಗ್ರತೆ ಅಂದ್ಳು. ನಾನು ಆವು, ಆವು ಹೇಳಿದ್ದು.”

ಮಂಗಳೂರಿನವನಾದ ಮುಝಮ್ಮಿಲ್ ತಲೆ ಮೇಲೆ ಕೈ ಹೊತ್ತ. “ಎಂತ ಮಾರಾಯ್ರೆ! ತುಳುವಿನಲ್ಲಿ ಆವು ಅಂದ್ರೆ ಆಯ್ತು ಅಂತ. ಇವರು ಬಾಗಲಕೋಟೆಯವರು, ತುಳು ಮಾಫಿ, ಗೊತ್ತೇ ಇಲ್ಲ. ಖಲಾಸ್, ಕೇಸ್ ಮುಗೀತು.”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಚನ್ನಬಸವ ಮಾತ್ರ ನಗಲಿಲ್ಲ.

“ತಪ್ಪಾತ್ರೀ,” ಎಂದ, ಅವಳ ಮುಖ ನೋಡದೆ. ವಾಪಸು ಬೇರೆ ಗಾಡಿಯಲ್ಲಿ ಬರುತ್ತೇನೆಂದು ಮುಝಮ್ಮಿಲ್‌ಗೆ ಹೇಳಿ, ದೂರದ ಬಂಡೆಯ ನೆರಳಿನಲ್ಲಿ ಒಬ್ಬನೇ ಹೋಗಿ ಕುಳಿತ.

ನಗುತ್ತಿದ್ದ ಗ್ರೀಷ್ಮಾ ಅವನತ್ತ ತಿರುಗಿ ನೋಡಿದಳು.

‘ಹಾವು ಅಂದುಕೊಂಡವನು ಓಡಬೇಕಿತ್ತಲ್ಲ... ನನ್ನನ್ನು ಹಿಂದೆ ಹಾಕಿ ಅದರೆದುರು ತಾನೇ ಯಾಕೆ ನಿಂತ?’

ಗಾಡಿ ದೋಹಾ ಸೇರಿದರೆ ಮುಗಿಯಿತು. ಅವನು ಬೆಳಿಗ್ಗೆ ಹತ್ತಿದ ದೋಹಾ ಅಲ್ ಜದೀದಾ ಬಡಾವಣೆಯಲ್ಲೇ ಇಳಿದು ಜನರ ನಡುವೆ ಕರಗಿಬಿಡುತ್ತಾನೆ. ಕಾಪಾಡಲು ಬಂದವನನ್ನು ಕಳ್ಳನಂತೆ ನಿಲ್ಲಿಸಿದ ಸಂಕಟ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಅವನು ಎಂಥವನು ಎಂದು ತಿಳಿಯದೆ ಹೋಗುವುದು ಅವಳಿಗೆ ಬೇಡವಾಗಿತ್ತು.

ಫ್ಲಾಸ್ಕಿನಿಂದ ಎರಡು ಲೋಟ ಚಹಾ ಬಗ್ಗಿಸಿಕೊಂಡು ಹೊರಟಳು.

“ಎಲ್ಲಿಗೆ?” ಅಕ್ಕ ಹುಬ್ಬೇರಿಸಿದಳು.

“ಒಂದು ಡೌಟ್ ಉಂಟು.”

ಚಹಾ ಕೊಟ್ಟು ನೇರವಾಗಿ ಕೇಳಿದಳು. “ಸಾರಿ... ನಿಮಗೆ ಹಾವಿನ ಹೆದರಿಕೆ ಇಲ್ವಾ?”

“ಭಾಳ ಐತ್ರಿ.” ಅವನು ಕಾಲಡಿಯ ಮರಳನ್ನು ಇನ್ನೊಮ್ಮೆ ನೋಡಿಕೊಂಡ.

“ಮತ್ತೆ ಎಂತಕ್ಕೆ ಅಡ್ಡ ನಿಂತದ್ದು?”

“ವಿಚಾರ ಮಾಡಾಕ ಟೈಮ್ ಎಲ್ಲಿತ್ರಿ? ಮಾಡಿದ್ದರ ಓಡಿ ಹೋಗತಿದ್ದೆ.”

ಗ್ರೀಷ್ಮಾ ನಕ್ಕಳು. ಅವನು ಮೊದಲ ಸಲ ಅವಳ ಮುಖ ನೋಡಿದ. ಅವಳ ಎದೆಯಲ್ಲಿ ಏನೋ ಮೆಲ್ಲಗೆ ಮಗ್ಗುಲು ಬದಲಿಸಿತು.

ಆಮೇಲೆ ಅವಳ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಎಂತ ಕೆಲಸ? ಗ್ಯಾಸ್ ಪ್ಲಾಂಟಿನಲ್ಲಿ ವೆಲ್ಡಿಂಗ್ ನೋಡಿಕೊಳ್ಳುವುದು. ಊಟ? ಜೋಳದ ರೊಟ್ಟಿ, ತಾನೇ ಬಡಿಯುತ್ತಾನೆ. ದುಂಡಗೆ ಬರುತ್ತದಾ? ಒಮ್ಮೊಮ್ಮೆ. ಈ ಬಂಡೆಯನ್ನು ಕೊರೆದದ್ದು ಗಾಳಿಯೋ ನೀರೋ?

“ಅದು ನನಗೂ ಗೊತ್ತಿಲ್ರೀ,” ಎಂದು ಅವನೂ ನಕ್ಕ.

“ಯಲ್ಲಾ, ಯಲ್ಲಾ!” ಹೊರಡಿರೆಂದು ದೂರದಿಂದ ಮುಝಮ್ಮಿಲ್ ಕೂಗಿದ. ಚನ್ನಬಸವ ಎದ್ದ. ಗ್ರೀಷ್ಮಾ ಏಳಲಿಲ್ಲ.

“ಒಂದು ಮಾತು... ಬಂಡೆಯನ್ನು ಯಾರು ಕೊರೆದರೂ ನನಗೆ ಅಡ್ಡಿಯಿಲ್ಲ. ನೀವು ಎದ್ದು ಹೋಗಬಾರದು ಅಂತ ಕೇಳ್ತಾ ಇದ್ದೆ.”

ಹೇಳಿದ ಮೇಲೆ ಅವಳ ಕಿವಿಯೆಲ್ಲ ಬಿಸಿಯಾಯಿತು. ಎದ್ದಿದ್ದವನು ಮತ್ತೆ ಕುಳಿತ.

“ನಾನೂ ಒಂದು ಕೇಳ್ಲೇನ್ರಿ?”

“ಕೇಳಿ.”

“ಮೀನಿಲ್ಲದ ಊಟಾ... ನಿಮಗ ಸೇರ್ತೈತೇನ್ರಿ?”

ಆ ಪ್ರಶ್ನೆಯ ಹಿಂದೆ ಒಂದಿಡೀ ಅಡುಗೆಮನೆಯೇ ಇತ್ತು. ಅದು ಗ್ರೀಷ್ಮಾಳಿಗೆ ತಿಳಿಯದೆ ಹೋಗಲಿಲ್ಲ.

“ದಿನಾ ಅಂದ್ರೆ ಕಷ್ಟ,” ಎಂದಳು. ಆಮೇಲೆ ತಲೆ ತಗ್ಗಿಸಿ, ಮೆಲ್ಲಗೆ, “ಬರುವ ಶುಕ್ರವಾರ ಒಂದು ರೊಟ್ಟಿ ಜಾಸ್ತಿ ಬಡೀರಿ. ತಿಂದು ನೋಡುವ.”