ಬಿಚ್ಚಿದ ಹೊಲಿಗೆ

"ಮೇಡಂ, ನಮ್ಮತ್ತೆ ನನ್ನ ಕೈಯಿಂದ ನೀರು ಕೂಡ ತಗೊಳ್ತಿಲ್ಲ. ಏನು ಮಾಡ್ಲಿ ಹೇಳಿ," ಎಂದ ತನುಜಾ ಜಗುಲಿಯ ಕುರ್ಚಿಯಲ್ಲಿ ಕೂತವಳೇ ಅತ್ತುಬಿಟ್ಟಳು.

ಜಲಜಮ್ಮನವರಿಗೆ ಅವಳು ಹೊಸಬಳೇನಲ್ಲ. ಕಾಲೇಜಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದಾಗ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಮದುವೆಯಾಗಿ ಹೊಸಮನೆ ಬಡಾವಣೆಗೆ ಹೋದ ಮೇಲೂ ಸಂಕ್ರಾಂತಿಗೆ ತಪ್ಪದೆ ಬಂದು ಎಳ್ಳು ಕೊಟ್ಟು ಹೋಗುತ್ತಿದ್ದಳು. ಜಲಜಮ್ಮ ಅವಳ ಬೆನ್ನು ಸವರುತ್ತಾ ಮೆಟ್ಟಿಲ ಕಡೆ ತಿರುಗಿ, "ಆರಾಧ್ಯರೇ, ಸ್ವಲ್ಪ ಕೆಳಗೆ ಬನ್ನಿ," ಎಂದು ಕೂಗಿದರು.

ವಿದ್ಯಾನಗರದ ಆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ವಿಶ್ವಾರಾಧ್ಯರು ವಿಮಾ ಕಂಪನಿಯೊಂದರಲ್ಲಿ ದುಡಿದವರು. ಅಂಗಡಿಗೆ ಬೆಂಕಿ ತಾನಾಗಿ ಬಿತ್ತೋ, ಯಾರಾದರೂ ಹಚ್ಚಿದರೋ ಎಂದು ಪತ್ತೆ ಮಾಡುವುದರಲ್ಲೇ ಅವರ ನೌಕರಿ ಕಳೆದಿತ್ತು. ನಿವೃತ್ತರಾದ ಮೇಲೂ ಬಡಾವಣೆಯವರು ಕಳೆದದ್ದು, ಕಾಣೆಯಾದದ್ದು ಎಲ್ಲವನ್ನೂ ಅವರ ಬಳಿ ತರುತ್ತಿದ್ದರು. ಅವರು ಹೋದಲ್ಲೆಲ್ಲ ಜಲಜಮ್ಮನೂ ಜೊತೆಗಿರುತ್ತಿದ್ದರು.

ತನುಜಾ ಕಣ್ಣೊರೆಸಿಕೊಂಡು ವಿಷಯ ಹೇಳಿದಳು. ಅತ್ತೆ ಸುಭದ್ರಮ್ಮ ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಹೆಸರಾದವರು. ಈಗ ಮನೆಯಲ್ಲಿ ಎಂಟು ಕೌದಿಗಳು ಅರ್ಧಕ್ಕೇ ನಿಂತಿವೆ. ಕಾರಣ, ಅವರು ಬೆಳಿಗ್ಗೆ ಹೊಲಿದದ್ದನ್ನು ಯಾರೋ ಬಿಚ್ಚಿಹಾಕುತ್ತಿದ್ದಾರೆ. ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಒಂದೆರಡು ತುಂಡಿನ ಹೊಲಿಗೆ ಮಾಯ. ಮನೆಯಲ್ಲಿ ಆ ಹೊತ್ತಿಗೆ ಇರುವುದು ಮಾವ ಪರಮೇಶ್ವರಪ್ಪ ಮತ್ತು ತನುಜಾ ಇಬ್ಬರೇ.

"ಮನೆ ತುಂಬಾ ಹಳೇ ಬಟ್ಟೆ ಗಂಟು, ಕಾಲಿಡಕ್ಕೂ ಜಾಗ ಇಲ್ಲ ಅಂತ ಒಂದ್ಸಲ ಬಾಯಿ ತಪ್ಪಿ ಅಂದಿದ್ದೆ ಸರ್. ಅದಕ್ಕೇ ನಾನೇ ಅಂತಾರೆ. ನಮ್ಮ ಯಜಮಾನ್ರು ಅವರಮ್ಮನಿಗೂ ಏನೂ ಅನ್ನಲ್ಲ, ನನಗೂ ಏನೂ ಅನ್ನಲ್ಲ. ನಾನು ಹಾಕಿದ ಊಟ ಅತ್ತೆ ಮುಟ್ಟಲ್ಲ, ಬರೀ ಬಾಳೆಹಣ್ಣು ತಿಂದ್ಕೊಂಡು ಇದ್ದಾರೆ. ಭದ್ರಾವತಿಯಿಂದ ನಾದಿನಿ ಬಂದು ನಾಳೆ ಅವರನ್ನ ಕರ್ಕೊಂಡು ಹೋಗ್ತಾಳಂತೆ. ಸೊಸೆ ಕಾಟಕ್ಕೆ ಮನೆ ಬಿಟ್ರು ಅಂತ ಆಗತ್ತೆ. ಆಮೇಲೆ ನಾನು ಆ ಮನೇಲಿ ಹೇಗೆ ಇರ್ಲಿ?"

ಆರಾಧ್ಯರು ಚಪ್ಪಲಿ ಮೆಟ್ಟಿಕೊಂಡರು.

ತನುಜಾಳ ಮನೆಯ ನಡುಕೋಣೆಯಲ್ಲಿ ಸುಭದ್ರಮ್ಮ ಕಿಟಕಿಗೆ ಅಂಟಿಕೊಂಡಂತೆ ಕೂತು ಹೊಲಿಯುತ್ತಿದ್ದರು. ಪಕ್ಕದ ದಿಂಬಿನಲ್ಲಿ ದಾರ ಪೋಣಿಸಿದ ಸೂಜಿಗಳು ಸಾಲಾಗಿ ನಿಂತಿದ್ದವು.

"ಎಷ್ಟು ಅಚ್ಚುಕಟ್ಟು! ನೀವೇ ಪೋಣಿಸಿಟ್ಕೊಳ್ತೀರಾ?" ಎಂದರು ಜಲಜಮ್ಮ.

"ನಮ್ಮನೆಯವರು. ಬೆಳಿಗ್ಗೆ ಕಾಫಿ ಕುಡಿಯೋ ಮುಂಚೆ ಅಷ್ಟೂ ಪೋಣಿಸಿ ಇಡ್ತಾರೆ. ನಾನೇನೂ ಕೇಳಿಲ್ಲಪ್ಪ. ಈ ಬಲ್ಬು ನೋಡಿ, ನನ್ನ ಮಗ ಮಲ್ಲಿಕ್ ತಂದಿದ್ದು. ಇದಕ್ಕಿಂತ ಮಿಣುಕುಹುಳ ವಾಸಿ."

ಬಲ್ಬು ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ತನುಜಾ ಅತ್ತೆಯ ಎಡಪಕ್ಕ ಮಜ್ಜಿಗೆ ಲೋಟ ಇಟ್ಟಳು. ಸುಭದ್ರಮ್ಮ ದಾರದ ಡಬ್ಬಿಗೆಂದು ಕೈ ಚಾಚಿದಾಗ ಲೋಟ ಉರುಳಿತು.

"ನೋಡಿದ್ರಾ? ಎಲ್ಲೆಲ್ಲೋ ತಂದಿಡ್ತಾಳೆ. ನಾನು ಚೆಲ್ಲಬೇಕು, ಆಮೇಲೆ ಮುದುಕಿಗೆ ಕೈ ನಡುಗತ್ತೆ ಅಂತ ಊರಿಗೆಲ್ಲ ಹೇಳಬೇಕು!"

ತನುಜಾ ಒರೆಸುವ ಬಟ್ಟೆ ತಂದಳು. ಮೂಲೆಯ ಬೆಂಚಿನಲ್ಲಿ ಕೂತಿದ್ದ ಪರಮೇಶ್ವರಪ್ಪ ಎದ್ದು ಬಂದು, ಸೊಸೆಯ ಕೈಯಿಂದ ಬಟ್ಟೆ ತೆಗೆದುಕೊಂಡು ತಾವೇ ನೆಲ ಒರೆಸಿದರು. ಅವರು ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಿದ್ದವರು. ಮಾತು ಕಡಿಮೆ. ನೆಲ ಒರೆಸಿ, ಕೈ ತೊಳೆದು, ಹೆಂಡತಿಯ ಗಲ್ಲ ಎತ್ತಿ ಎರಡೂ ಕಣ್ಣಿಗೆ ಹನಿ ಹಾಕಿದರು.

"ಕಣ್ಣುರಿಗೆ," ಎಂದರು ಸುಭದ್ರಮ್ಮ ಮುಖ ಮೇಲೆತ್ತಿಕೊಂಡೇ. "ಹೊತ್ತಿಗೆ ಸರಿಯಾಗಿ ಹಾಕ್ತಾರೆ. ಬೇಡ ಅಂದ್ರೂ ಬಿಡಲ್ಲ."

ಆರಾಧ್ಯರು ಕೌದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಕಪ್ಪು, ಕಡುನೀಲಿ, ಕಡುಗೆಂಪು ತುಂಡುಗಳ ಹೊಲಿಗೆ ಬಿಚ್ಚಿತ್ತು. ಹಳದಿ, ಬಿಳಿ, ತಿಳಿಹಸಿರಿನ ತುಂಡುಗಳನ್ನು ಯಾರೂ ಮುಟ್ಟಿರಲಿಲ್ಲ. ಬಟ್ಟೆ ಎಲ್ಲೂ ಹರಿದಿರಲಿಲ್ಲ.

"ಬಿಚ್ಚಿದ ದಾರ ಎಲ್ಲಿ?"

"ಡಬ್ಬೀಲಿ ನೋಡಿ. ಬಿಚ್ಚಿದ್ದಲ್ಲದೆ ಸುತ್ತಿ ಬೇರೆ ಇಟ್ಟಿದ್ದಾಳೆ, ನನ್ನನ್ನ ಅಣಕಿಸೋಕೆ!"

ಡಬ್ಬಿಯಲ್ಲಿ ರಟ್ಟಿನ ಚೂರುಗಳಿದ್ದವು. ಅವುಗಳ ಮೇಲೆ ಬಿಚ್ಚಿದ ದಾರವನ್ನು ಎಳೆಗೆ ಎಳೆ ತಾಗುವಂತೆ, ಒಂದರ ಮೇಲೊಂದು ಹತ್ತದಂತೆ ಸುತ್ತಲಾಗಿತ್ತು. ಒಂದೂ ತುಂಡಾಗಿರಲಿಲ್ಲ.

"ನೀವು ಕಪ್ಪಿಗೆ ಕಪ್ಪೇ ದಾರ ಹಾಕ್ತೀರಾ ಅಮ್ಮ?"

"ಯಾವ ಬಣ್ಣದ ಬಟ್ಟೆಗೆ ಆ ಬಣ್ಣದ್ದೇ ದಾರ. ನನ್ನ ಹೊಲಿಗೆ ಕಣ್ಣಿಗೆ ಕಾಣಬಾರದು. ನಮ್ಮಮ್ಮ ಕಲಿಸಿದ್ದು ಹಾಗೆ."

ಆರಾಧ್ಯರು ಒಂದು ಕಪ್ಪು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಜಲಜಮ್ಮನನ್ನು ಕಣ್ಸನ್ನೆಯಲ್ಲಿ ಕರೆದರು. ಸೂಜಿ ಚುಚ್ಚಿದ್ದ ತೂತುಗಳು ಉಳಿದಿದ್ದವು. ಅವು ದಾರಿ ತಪ್ಪಿದ ಇರುವೆಗಳ ಹಾಗೆ ಅತ್ತಿತ್ತ ಓಡಿದ್ದವು. ಜಲಜಮ್ಮನಿಗೆ ಆಗ ಅದರ ಅರ್ಥವಾಗಲಿಲ್ಲ.

ಮರುದಿನ ಇಬ್ಬರೂ ಭದ್ರಾವತಿ ಬಸ್ಸು ಹತ್ತಿದರು. ಸುಭದ್ರಮ್ಮನ ಮಗಳು ರಶ್ಮಿ ಬಾಗಿಲಲ್ಲೇ ನಿಂತು ಮಾತಿಗೆ ಶುರುಮಾಡಿದಳು. "ಪತ್ತೆ ಮಾಡೋದು ಏನಿದೆ ಮಾರಾಯ್ರೆ? ಅತ್ತಿಗೆಗೆ ಆ ಕೋಣೆ ಬೇಕು, ಅಷ್ಟೆ."

"ಇರಬಹುದು. ಅಮ್ಮ ನಿಮಗೆ ಕೊಟ್ಟ ಕೌದಿ ಇದೆಯಾ?"

ಇತ್ತು. ಹಿಂದಿನ ವರ್ಷದ್ದು. ಅದರಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಗೆರೆ ಎಳೆದ ಹಾಗೆ ನೆಟ್ಟಗಿತ್ತು.

"ಅಮ್ಮನನ್ನ ಕಣ್ಣಿನ ಡಾಕ್ಟರಿಗೆ ತೋರಿಸಿದ್ರಾ?"

"ಅಪ್ಪ ಹೊಸ ಕನ್ನಡಕ ಮಾಡಿಸ್ತೀನಿ ಅಂತ ಕರ್ಕೊಂಡು ಹೋಗಿದ್ರು. ಕನ್ನಡಕ ಇಲ್ಲದೆ ಬಂದ್ರು. ಬೇಕಾಗಿಲ್ಲ ಅಂತ ಡಾಕ್ಟರು ಅಂದ್ರಂತೆ. ಯಾಕೆ?"

ಆರಾಧ್ಯರು ಕೌದಿಯನ್ನು ಮಡಚಿ ಅವಳ ಕೈಗಿತ್ತರು. ಅಮ್ಮನನ್ನು ಕರೆತರಲು ರಶ್ಮಿಯೂ ಅವರ ಜೊತೆಗೇ ಹೊರಟಳು. ಬಸ್ಸಿನಲ್ಲಿ ಅವಳಿಗೆ ಹಿಂದೆ ಸೀಟು ಸಿಕ್ಕಿತು. ಮಾಚೇನಹಳ್ಳಿ ದಾಟುವಾಗ ಆರಾಧ್ಯರು ಜಲಜಮ್ಮನ ಕಿವಿಯಲ್ಲಿ ತಮಗೆ ತಿಳಿದದ್ದನ್ನು ಹೇಳಿದರು. ಜಲಜಮ್ಮ ಹಿಂದಿನ ಸೀಟಿನ ರಶ್ಮಿಯನ್ನೊಮ್ಮೆ ನೋಡಿ ದನಿ ತಗ್ಗಿಸಿ ಕೇಳಿದರು.

"ಸುಭದ್ರಮ್ಮನ ಎದುರಿಗೇ ಹೇಳಬೇಕಾ?"

"ಹೇಳದಿದ್ರೆ ತನುಜಾ ಕಥೆ?"

"ಹೇಳಿದ್ರೆ ಅವರ ಕಥೆ?"

"ಗೊತ್ತಿಲ್ಲ ಮೇಡಂ," ಎಂದರು ಆರಾಧ್ಯರು. ಅವರ ಬಾಯಲ್ಲಿ ಆ ಮಾತನ್ನು ಜಲಜಮ್ಮ ಹಿಂದೆ ಕೇಳಿರಲಿಲ್ಲ.

ಹೊಸಮನೆಯಲ್ಲಿ ಎಲ್ಲರೂ ನಡುಕೋಣೆಯಲ್ಲಿ ಕೂತರು. ಮಲ್ಲಿಕ್ ಬಾಗಿಲಿಗೆ ಒರಗಿ ನಿಂತ. ಸುಭದ್ರಮ್ಮನ ಚೀಲ ಆಗಲೇ ಕಟ್ಟಿಟ್ಟಿತ್ತು. ಆರಾಧ್ಯರು ಪರಮೇಶ್ವರಪ್ಪನವರ ಪಕ್ಕದಲ್ಲಿ ಕೂತು, "ನೀವೇ ಹೇಳ್ತೀರಾ, ನಾನು ಹೇಳ್ಲಾ?" ಎಂದು ಮೆತ್ತಗೆ ಕೇಳಿದರು. ಪರಮೇಶ್ವರಪ್ಪ ತಲೆ ತಗ್ಗಿಸಿದರು. ಆರಾಧ್ಯರೇ ಶುರುಮಾಡಬೇಕಾಯಿತು.

"ಹೊಟ್ಟೆಕಿಚ್ಚಿಗೆ ಹಾಳು ಮಾಡುವವರು ಕತ್ತರಿ ಹಾಕ್ತಾರೆ, ಬಟ್ಟೆ ಹರೀತಾರೆ. ಇಲ್ಲಿ ಒಂದೆಳೆ ದಾರ ಕೂಡ ತುಂಡಾಗಿಲ್ಲ. ಬಿಚ್ಚಿದವರಿಗೆ ಕೌದಿ ಹಾಳಾಗೋದು ಬೇಡವಾಗಿತ್ತು. ಇದು ಮೊದಲನೇದು. ಬಿಚ್ಚಿದ್ದೆಲ್ಲ ಗಾಢ ಬಣ್ಣದ ತುಂಡು. ಅಲ್ಲಿ ಸೂಜಿ ತೂತು ಸೊಟ್ಟಗಿವೆ. ತಿಳಿ ಬಣ್ಣದಲ್ಲಿ ನೆಟ್ಟಗಿವೆ. ಹೋದ ವರ್ಷದ ಕೌದಿಯಲ್ಲಿ ಕಪ್ಪಿನ ಮೇಲೂ ನೆಟ್ಟಗಿದ್ದವು. ಅಂದ್ರೆ ಯಾರೋ ಕೆಟ್ಟ ಹೊಲಿಗೆಯನ್ನ ಮಾತ್ರ ಆರಿಸಿ ತೆಗೀತಿದ್ದಾರೆ."

"ಕೆಟ್ಟ ಹೊಲಿಗೆ? ನನ್ನದಾ?" ಸುಭದ್ರಮ್ಮನ ದನಿ ಏರಿತು.

"ದಾರ ಸುತ್ತಿದ ರೀತಿ ನೋಡಿ. ಎಳೆ ಮೇಲೆ ಎಳೆ ಹತ್ತದ ಹಾಗೆ ಸುತ್ತೋ ಕೈ ಈ ಮನೇಲಿ ಒಂದೇ. ಜೀವಮಾನವಿಡೀ ಮೋಟಾರಿಗೆ ತಂತಿ ಸುತ್ತಿದ ಕೈ. ತಂತಿ ತುಂಡಾಗದ ಹಾಗೆ ಬಿಡಿಸೋದೂ ಆ ಕೈಗೇ ಗೊತ್ತು."

"ಅಪ್ಪ!" ಎಂದಳು ರಶ್ಮಿ.

ಪರಮೇಶ್ವರಪ್ಪ ಜೇಬಿನಿಂದ ಹಲ್ಲುಕಡ್ಡಿಯಷ್ಟಿದ್ದ ಬಿದಿರಿನ ಸೀಳೊಂದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಇಟ್ಟರು. "ಅವಳು ಮಲಗಿದಾಗ ಬಿಚ್ತಿದ್ದೆ. ಬೆರಳಾಡಿಸಿ ನೋಡ್ತಾಳೆ. ಸೊಟ್ಟ ಇದೆ ಅಂತ ಗೊತ್ತಾದ್ರೆ ಯಾಕೆ ಅಂತ ಕೇಳ್ತಾಳೆ. ನಾನು ಏನು ಹೇಳ್ಲಿ? ಒಂದೆರಡು ಸಲ ನಾನೇ ಹೊಲಿಯಕ್ಕೂ ನೋಡ್ದೆ. ಬರಲಿಲ್ಲ."

"ಯಾಕೆ ಅಂತ ಈಗ ಕೇಳ್ತಿದೀನಿ. ಹೇಳಿ," ಎಂದರು ಸುಭದ್ರಮ್ಮ.

ಪರಮೇಶ್ವರಪ್ಪ ಬಿದಿರಿನ ಸೀಳು ನೋಡುತ್ತಾ ಹೇಳಿದರು: "ಕಣ್ಣಿನ ನರ ಒಣಗ್ತಿದೆಯಂತೆ. ಹನಿ ಹಾಕಿದ್ರೆ ನಿಧಾನ ಆಗತ್ತೆ. ಹೋಗಿದ್ದು ಬರಲ್ಲ ಅಂತ ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದ್ರು."

ಪಕ್ಕದಲ್ಲಿಟ್ಟ ಲೋಟ ಯಾಕೆ ಕಾಣಲಿಲ್ಲ, ಉರಿಯುವ ಬಲ್ಬು ಯಾಕೆ ಮಂಕಾಯಿತು ಎಂಬುದೆಲ್ಲ ಜಲಜಮ್ಮನಿಗೆ ಹಿಂದಿನ ದಿನವೇ ತಿಳಿಯಬಹುದಿತ್ತು. ತಿಳಿದಿದ್ದರೆ ತಾನೇ ಏನು ಮಾಡುತ್ತಿದ್ದೆ ಎಂದು ಅವರು ಯೋಚಿಸಿದರು.

ಸುಭದ್ರಮ್ಮ ಅಳಲಿಲ್ಲ. ಗಂಡನ ಕಡೆ ತಿರುಗಿ, "ರೀ, ಈ ಹುಡುಗಿ ನನ್ನ ಬಾಯಲ್ಲಿ ಏನೆಲ್ಲ ಅನ್ನಿಸ್ಕೊಂಡ್ಲು. ನೀವು ಅಲ್ಲೇ ಬೆಂಚಲ್ಲಿ ಕೂತು ಕೇಳಿಸ್ಕೊಂಡ್ರಿ," ಎಂದರು.

"ತಪ್ಪಾಯ್ತು," ಎಂದು ಪರಮೇಶ್ವರಪ್ಪ ಸೊಸೆಯ ಕಡೆ ನೋಡಿದರು. "ದಿನಾ ಹೇಳಬೇಕು ಅಂತ ಏಳ್ತಿದ್ದೆ ಮಗಳೇ. ಇವಳ ಮುಖ ನೋಡಿ ಸುಮ್ಮನಾಗ್ತಿದ್ದೆ."

ತನುಜಾ ಅತ್ತೆಯ ಎದುರು ಬಂದು ಕೂತಳು. "ಅತ್ತೆ, ಒಂದು ಕೇಳ್ಲಾ? ನನ್ನ ಮೇಲೆ ಅನುಮಾನ ಬಂದಿದ್ದು ಕಣ್ಣು ಕಾಣದೆ ಅಲ್ಲ, ಅಲ್ವಾ?"

ಮಲ್ಲಿಕ್ ಏನೋ ಹೇಳಲು ಬಾಯಿ ತೆರೆದ. ಸುಭದ್ರಮ್ಮ ಕೈ ಎತ್ತಿ ತಡೆದರು.

"ಅಲ್ಲ," ಎಂದರು. "ಕಣ್ಣು ಚೆನ್ನಾಗಿದ್ದಿದ್ರೂ ನಿನ್ನ ಮೇಲೇ ಬರ್ತಿತ್ತು."

"ಸರಿ," ಎಂದಳು ತನುಜಾ. ನೆಲಕ್ಕೆ ಕೈಯೂರಿ ಮೇಲೆದ್ದಳು. "ಅನ್ನ ಬಿಸಿ ಇದೆ. ಹಾಕ್ಲಾ?"

"ಹಾಕು."

ಸುಭದ್ರಮ್ಮ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡರು. ರಶ್ಮಿ ಕಟ್ಟಿಟ್ಟ ಚೀಲವನ್ನು ಬಿಚ್ಚಿ ಸೀರೆಗಳನ್ನು ಮತ್ತೆ ಬೀರುವಿನಲ್ಲಿ ಇಟ್ಟಳು. ಹೊರಡಲೆಂದು ಎದ್ದ ಆರಾಧ್ಯರು ಕೈ ಮುಗಿದು ಬಾಗಿಲ ಬಳಿ ನಿಂತರು. ಕೈ ತೊಳೆದು ಬಂದ ಸುಭದ್ರಮ್ಮ ಗೋಡೆ ಹಿಡಿದುಕೊಂಡು ಕಿಟಕಿಯ ಬಳಿ ಕೂತು, ದಿಂಬಿನಿಂದ ಒಂದು ಸೂಜಿ ಕಿತ್ತು, ನಿನ್ನೆಯ ಕಪ್ಪು ತುಂಡನ್ನೇ ಮಡಿಲಿಗೆ ಎಳೆದುಕೊಂಡರು.

"ರೀ, ಇಲ್ಲಿ ಬಂದು ಕೂತ್ಕೊಳ್ಳಿ," ಎಂದರು. "ಇನ್ಮೇಲೆ ಬಿಚ್ಚೋದಾದ್ರೆ ನಾನು ಎಚ್ಚರ ಇದ್ದಾಗ ಬಿಚ್ಚಿ."