ಅಳಿಸಿದ ಕೋಡ್

"ಅಳಿಸು!"

ಕಿವಿಯ ಪಕ್ಕದಲ್ಲೇ ಕೂಗಿದ.

ನಾನು ತಲೆ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಲೋಡರ್ ಕ್ಯಾಬಿನ್ನಿನ ಗಾಜಿನ ಮೇಲೆ ಕಪ್ಪು ನೆರಳು ಬಿದ್ದಿತ್ತು... ಎಕ್ಸ್‌ಕವೇಟರಿನ ಬಕೆಟ್! ಒಳಗೆ ಎರಡು ಟನ್ ಕಲ್ಲು. ನೇರ ನನ್ನ ನೆತ್ತಿಯ ಮೇಲೆ.

"ನಾನು ಕೈ ಎತ್ತಿದ್ರೆ ಸಾಕು, ಮೇಲಿರೋ ಆಪರೇಟರ್ ಬಕೆಟ್ ಮಗುಚ್ತಾನೆ," ಎಂದ ಸೈಟ್ ಮ್ಯಾನೇಜರ್. "ಕಲ್ಲು ಜಾರಿ ಬಿತ್ತು ಅಂತ ಬರ್ಕೋತಾರೆ."

"ನಿಮ್ಮ ಸೈಟಲ್ಲಿ ಎಲ್ಲಾ ತಾನಾಗೇ ಬೀಳುತ್ತೆ ಬಿಡಿ ಸರ್."

ನಾಲಿಗೆ ಒಣಗಿ ಚಕ್ಕಳವಾಗಿತ್ತು ಸ್ವಾಮಿ. ಆದರೂ ಬಾಯಿ ಸುಮ್ಮನಿರಲಿಲ್ಲ. ಅದು ನನ್ನ ಹಳೆಯ ಚಾಳಿ.

ಈ ಮ್ಯಾನೇಜರನನ್ನು ಎಲ್ಲರೂ ಇಸ್ತ್ರಿ ಎನ್ನುತ್ತಾರೆ. ಅಷ್ಟು ಧೂಳಿನ ನಡುವೆಯೂ ಗೆರೆ ಮುರಿಯದ ಅಂಗಿ! ಮಾತೂ ಹಾಗೇ, ಸುಕ್ಕಿಲ್ಲದ್ದು.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ದೊಡ್ಡ ಮೆಷಿನ್‌ಗಳ ಎಂಜಿನ್ನಿಗೆ ಈಗ ಒಂದು ಕಂಪ್ಯೂಟರ್ ಇರುತ್ತದೆ. ಒಳಗೆ ಏನಾದರೂ ಕೆಟ್ಟರೆ ಅದು ದೀಪ ಹಚ್ಚಿ ಒಂದು ನಂಬರ್ ತೋರಿಸುತ್ತದೆ. ಅದೇ ಫಾಲ್ಟ್ ಕೋಡ್. ನಾನು ಕೇಬಲ್ ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ಅದನ್ನು ಓದಿ, ರೋಗ ಯಾವುದೆಂದು ಹೇಳುವವನು.

ಕೆಲವರಿಗೆ ರೋಗದ ಸುದ್ದಿ ಬೇಡ. ದೀಪ ಆರಿದರೆ ಸಾಕು! ಅಂಥವರಿಗೆ ಕೋಡ್ ಅಳಿಸಿಯೂ ಕೊಡುತ್ತಿದ್ದೆ. ಅವರು ಅಲ್ಲಿ ಒಂದು ಅಡಾಪ್ಟರ್ ಚುಚ್ಚುತ್ತಿದ್ದರು. ನಾನು ಮನೆಯಲ್ಲಿ ಕೂತು ಇಂಟರ್ನೆಟ್ಟಿನ ಮೂಲಕ ಅಳಿಸುತ್ತಿದ್ದೆ. ಯಾವ ಸೈಟು, ಯಾರು ಓಡಿಸುವುದು... ಕೇಳುತ್ತಿರಲಿಲ್ಲ. ಕೇಳದವನಿಗೇ ಗಿರಾಕಿ ಜಾಸ್ತಿ.

ಹಿಂದಿನ ದಿನ ಅಕ್ಕ ಫೋನ್ ಮಾಡಿದ್ದಳು.

"ನಿಮ್ಮ ಭಾವ ಆಸ್ಪತ್ರೇಲಿದ್ದಾರೆ ಕಣೋ... ಬೇಗ ಬಾ!"

ಭಾವ ಲೋಡರ್ ಆಪರೇಟರ್. ಕಟ್ಟಡದ ಪಾಯದ ಗುಂಡಿಯಿಂದ, ಬಕೆಟ್ ತುಂಬ ಕಲ್ಲು ಹೊತ್ತು ಇಳಿಜಾರು ಹತ್ತುತ್ತಿದ್ದರು. ಅರ್ಧ ದಾರಿಯಲ್ಲಿ ಎಂಜಿನ್ ಆಫ್! ಸ್ಟಿಯರಿಂಗ್ ಕಲ್ಲಾಯಿತು. ಬ್ರೇಕ್ ಹಿಡಿಯಲಿಲ್ಲ. ಲೋಡರ್ ಹಿಂದಕ್ಕೆ ಉರುಳಿತು. ಭಾವನ ತೊಡೆಯ ಮೂಳೆ ಎರಡು ತುಂಡು. ಕೆಳಗೆ ಅಳತೆ ತೆಗೆಯುತ್ತಿದ್ದ ಸರ್ವೇಯರಮ್ಮ ಚಕ್ರಕ್ಕೂ ಬಂಡೆಗೂ ನಡುವೆ ಸಿಕ್ಕಿದ್ದರು. ಐಸಿಯು.

ಆಪರೇಟರ್ ನಿದ್ದೆ ಹೋಗಿದ್ದ ಎಂದು ಕಂಪನಿ ಪೊಲೀಸರಿಗೆ ಬರೆದುಕೊಟ್ಟಿತ್ತು. ಡಿಸ್ಚಾರ್ಜ್ ಆದ ಕೂಡಲೇ ಅರೆಸ್ಟ್.

"ಅವರು ಮನೇಲಿ ಟಿವಿ ಮುಂದೆ ಕೂಡ ನಿದ್ದೆ ಮಾಡೋರಲ್ಲ," ಎಂದಳು ಅಕ್ಕ. "ನೀನು ಈ ಮೆಷಿನ್‌ಗಳ ಹೊಟ್ಟೆ ಓದೋನಲ್ವಾ? ಓದೋ!"

ಓದಲು ಬಂದಿದ್ದೆ. ತಲೆಗೆ ಹೆಲ್ಮೆಟ್, ಕೈಗೆ ಲ್ಯಾಪ್‌ಟಾಪ್, ಮುಖಕ್ಕೊಂದಿಷ್ಟು ಸಿಡುಕು. ಇನ್ಶೂರೆನ್ಸ್‌ನವನು ಎಂದುಕೊಂಡು ವಾಚ್‌ಮನ್ ಸೆಲ್ಯೂಟ್ ಹೊಡೆದ! ವ್ಯಾನಿನಲ್ಲೇ ಗುಂಡಿಗೆ ಇಳಿದೆ. ಒಂದು ಕಡೆಗೆ ವಾಲಿ ನಿಂತಿದ್ದ ಲೋಡರ್ ಹತ್ತಿ, ಕೀ ತಿರುಗಿಸಿ, ಕೇಬಲ್ ಚುಚ್ಚಿದೆ.

ಕೋಡ್ ಬಂತು.

ನೂರು, ಒಂದು.

ಅಂದರೆ ಎಂಜಿನ್ ಆಯಿಲ್ ಪ್ರೆಷರ್... ಅಪಾಯದ ಮಟ್ಟಕ್ಕಿಂತ ಕೆಳಗೆ! ನಲವತ್ತೊಂದು ಸಲ ಬಂದಿತ್ತು. ಕೊನೆಯ ಸಲ, ಎಂಜಿನ್ ಸುಟ್ಟುಹೋಗದಿರಲಿ ಎಂದು ಕಂಪ್ಯೂಟರೇ ಅದನ್ನು ಆಫ್ ಮಾಡಿತ್ತು. ಭಾವ ಮಲಗಿರಲಿಲ್ಲ. ಆಯಿಲ್ ಪಂಪ್ ಮಲಗಿತ್ತು!

ಖುಷಿಯಿಂದ ಕೆಳಗಿನ ಸಾಲು ನೋಡಿದೆ. ಒಂಬತ್ತು ದಿನದ ಹಿಂದೆ ಯಾರೋ ಈ ಕೋಡನ್ನು ಅಳಿಸಿದ್ದರು. ರಿಪೇರಿ ಇಲ್ಲ. ಬರೀ ಅಳಿಸುವಿಕೆ. ಪಕ್ಕದಲ್ಲಿ ಅಳಿಸಿದ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್.

ಆ ನಂಬರ್ ನನಗೆ ಬಾಯಿಪಾಠ.

ನನ್ನದೇ!

ಆ ಕ್ಷಣಕ್ಕೇ ಇಸ್ತ್ರಿ ಏಣಿ ಹತ್ತಿ ಬಂದಿದ್ದ.

"ಏನ್ ನೋಡ್ತೀಯಾ? ವ್ಯಾನ್ ಮೇಲಿರೋ ಫೋನ್ ನಂಬರ್ ನೋಡೇ ಗೊತ್ತಾಯ್ತು, ನೀನೇ ಆರಿಸಿದ ದೀಪ," ಎಂದ ಈಗ. "ಆವತ್ತು ನಾಲ್ಕು ನಿಮಿಷ ತಗೊಂಡೆ. ಈವತ್ತೂ ನಾಲ್ಕೇ ನಿಮಿಷ. ನಾನೂ ಬಚಾವ್, ನೀನೂ ಬಚಾವ್."

"ಮತ್ತೆ ಆಪರೇಟರು?"

"ಅವನು ನಿನಗೇನಾಗ್ಬೇಕು?"

"ಭಾವ."

ಮೊದಲ ಸಲ ಅವನ ಮುಖದಲ್ಲಿ ಸುಕ್ಕು ಕಂಡಿತು.

ಸುಳ್ಳು ಹೇಳುವುದಿಲ್ಲ ಸ್ವಾಮಿ... ನನ್ನ ಬೆರಳು ಕೀಬೋರ್ಡಿನ ಮೇಲೇ ಇತ್ತು. ಒಂದು ಒತ್ತು, ಈ ಸಲ ಕೋಡಿನ ಜೊತೆ ಹಳೆಯ ದಾಖಲೆಯೂ ಮಾಯ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಭಾವನಿಗೆ ಒಳ್ಳೆಯ ವಕೀಲರನ್ನು ಹಿಡಿದರಾಯಿತು ಎಂದು ಕೂಡ ಯೋಚಿಸಿದೆ! ಆದರೆ ಸೀಟಿನ ಕೆಳಗೆ ಭಾವನ ಒಂಟಿ ಶೂ ಬಿದ್ದಿತ್ತು. ಇನ್ನೂ ಲೇಸ್ ಕಟ್ಟಿದ ಹಾಗೇ.

ಕೇಬಲ್ ಕಿತ್ತೆ. ಲ್ಯಾಪ್‌ಟಾಪ್ ಮಡಚಿದೆ.

"ಆಗಲ್ಲ ಸರ್."

ಇಸ್ತ್ರಿ ಏಣಿಯಿಂದ ಹಾರಿ, ಹತ್ತು ಹೆಜ್ಜೆ ಓಡಿ, ಕೈ ಎತ್ತಿದ.

"ಸುರಿಯೋ!"

ನಾನು ಕಣ್ಣು ಮುಚ್ಚಿದೆ.

ಎಕ್ಸ್‌ಕವೇಟರ್ ಗುರ್ರೆಂದಿತು. ನೆರಳು ಸರಿಯಿತು... ಆಮೇಲೆ ಕಿವಿ ಒಡೆಯುವ ಸದ್ದು! ನನ್ನ ತಲೆಯ ಮೇಲಲ್ಲ. ಆಚೆ ನಿಂತಿದ್ದ ಇಸ್ತ್ರಿಯ ಬಿಳಿ ಕಾರಿನ ಮೇಲೆ!

ಎಕ್ಸ್‌ಕವೇಟರ್ ಆಪರೇಟರ್ ಕ್ಯಾಬಿನ್ನಿನಿಂದ ತಲೆ ಹಾಕಿದ.

"ಲಿವರ್ ಜಾರ್ಬಿಡ್ತು ಸಾರ್! ಕಂಪ್ಲೇಂಟ್ ಕೊಟ್ಟು ತಿಂಗಳಾಯ್ತು, ಯಾರೂ ನೋಡ್ಲಿಲ್ಲ!"

ನಾನು ಓಡಿದೆ. ವ್ಯಾನ್ ಹತ್ತಿ ಇಳಿಜಾರಿನ ಕಡೆ ತಿರುಗಿಸಿದೆ. ಕನ್ನಡಿಯಲ್ಲಿ ನೋಡಿದರೆ... ಟಿಪ್ಪರ್! ಸ್ಟಿಯರಿಂಗ್ ಹಿಂದೆ ಸ್ವತಃ ಇಸ್ತ್ರಿ. ಹಾರ್ನ್ ಒತ್ತುತ್ತಾ ಬಂದ. ಹಿಂದಿನ ಬಂಪರಿಗೆ ಒಮ್ಮೆ ಗುದ್ದಿದ. ವ್ಯಾನ್ ಅಂಚಿನವರೆಗೆ ಜಾರಿತು. ಪಕ್ಕದಲ್ಲಿ ನಾಲ್ಕು ಅಂತಸ್ತಿನಷ್ಟು ಆಳ!

ಎರಡನೇ ಗುದ್ದಿಗೆ ಹಲ್ಲು ಕಚ್ಚಿ ಕಾದೆ.

ಬರಲಿಲ್ಲ.

ಟಿಪ್ಪರ್ ಕಪ್ಪು ಹೊಗೆ ಕಾರಿ, ಎರಡು ಸಲ ಬಿಕ್ಕಿ, ಆಮೆಯ ವೇಗಕ್ಕೆ ಬಂತು. ಗಾಳಿಯ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಾಗ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ಕಡಿತ ಮಾಡುತ್ತದೆ. ಅದನ್ನೂ ಇವರು ರಿಪೇರಿ ಮಾಡಿಸಿರಲಿಲ್ಲ! ಜೀವನದಲ್ಲಿ ಮೊದಲ ಸಲ ಜಿಪುಣರಿಗೆ ಕೈಮುಗಿದೆ.

ನೇರ ಆಸ್ಪತ್ರೆ.

ಭಾವನ ಮಂಚದ ಪಕ್ಕ ಇನ್ಸ್‌ಪೆಕ್ಟರ್ ಮೇಡಂ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು.

"ದೀಪ ಹತ್ತಿದಾಗೆಲ್ಲ ಹೇಳ್ದೆ ಮೇಡಂ," ಎನ್ನುತ್ತಿದ್ದರು ಭಾವ. "ಯಾರೋ ದೊಡ್ಡ ಎಕ್ಸ್‌ಪರ್ಟು ಫೋನಲ್ಲೇ ಸರಿ ಮಾಡ್ದ ಅಂದ್ರು. ದೀಪಾನೂ ಆರಿತ್ತು. ನಂಬಿ ಓಡಿಸ್ದೆ... ಆ ಪುಣ್ಯಾತ್ಮ ನನ್ ಕೈಗೆ ಸಿಗ್ಬೇಕು!"

ಲ್ಯಾಪ್‌ಟಾಪ್ ಬಿಚ್ಚಿ ಇನ್ಸ್‌ಪೆಕ್ಟರ್ ಮುಂದಿಟ್ಟೆ. ಆಯಿಲ್ ಪ್ರೆಷರ್ ತೋರಿಸಿದೆ. ನಲವತ್ತೊಂದು ಸಲ ತೋರಿಸಿದೆ. ಅಳಿಸಿದ ದಿನ ತೋರಿಸಿದೆ.

"ಈ ನಂಬರ್ ಯಾರದ್ದು?" ಎಂದರು ಮೇಡಂ.

ಅಕ್ಕ ನನ್ನನ್ನೇ ನೋಡುತ್ತಿದ್ದಳು, ಹೆಮ್ಮೆಯಿಂದ.

"ನನ್ನದು."

ಅಕ್ಕ ಹತ್ತಿರ ಬಂದಳು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಕೆನ್ನೆಗೆ ಬಾರಿಸಿದಳು. ಒಂದೇ ಏಟು. ಆಮೇಲೆ ನನ್ನ ಭುಜಕ್ಕೆ ಮುಖ ಒತ್ತಿ ಅತ್ತಳು. ಯಾವುದು ಹೆಚ್ಚು ನೋಯಿತು ಎಂದು ಕೇಳಬೇಡಿ.

ಇಸ್ತ್ರಿ ಮೊದಲ ಆರೋಪಿಯಾದ. ನಾನು ಎರಡನೆಯವನು. ಎಂಟು ತಿಂಗಳು ಒಳಗಿದ್ದು ಬಂದೆ. ಸರ್ವೇಯರಮ್ಮ ಬದುಕಿದರು. ಬಲಗೈ ಈಗಲೂ ಭುಜದಿಂದ ಮೇಲೆ ಏಳುವುದಿಲ್ಲ. ಒಮ್ಮೆ ನೋಡಲು ಹೋಗಿದ್ದೆ. ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಸರಿಯಾಗೇ ಮಾಡಿದರು.

ಭಾವ ಕುಂಟುತ್ತಲೇ ಬೇರೆ ಕಂಪನಿ ಸೇರಿದರು. ಮತ್ತೆ ಲೋಡರ್. ಮೊನ್ನೆ ಫೋನ್ ಮಾಡಿದರು... ಎರಡು ವರ್ಷದಲ್ಲಿ ಮೊದಲ ಸಲ!

"ಮೆಷಿನ್ನಲ್ಲಿ ಹಳದಿ ದೀಪ ಹತ್ತಿದೆ ಕಣಯ್ಯ."

ನನ್ನ ಎದೆ ಉಬ್ಬಿಬಂತು.

"ಹತ್ತೇ ನಿಮಿಷ ಭಾವ, ಈಗ್ಲೇ ಬಂದೆ!"

"ನೀನು ಯಾಕೆ ಬರ್ತೀಯಾ?" ಎಂದರು. "ಒಳ್ಳೇ ಮೆಕ್ಯಾನಿಕ್ ಯಾರಾದ್ರೂ ಗೊತ್ತಿದ್ರೆ ನಂಬರ್ ಕೊಡು."