ಮಾಸ್ಟರ್ ತಗಡು

2003ರ ಫೆಬ್ರವರಿ 18, ಮಂಗಳವಾರ, ಬೆಳಿಗ್ಗೆ 9.40. ವರ್ಕ್‌ಶಾಪ್ ಮಾಲೀಕ ಪ್ರಸನ್ನಕುಮಾರ್ ಭದ್ರಾವತಿಯ ಠಾಣೆಗೆ ದೂರು ತಂದಾಗ ಇನ್‌ಸ್ಪೆಕ್ಟರ್ ಓಂಕಾರಪ್ಪನವರಿಗೆ ಮೂರು ದಿನದ ಬಂದೋಬಸ್ತಿನ ಕಾಲುನೋವು ಇನ್ನೂ ಇಳಿದಿರಲಿಲ್ಲ.

"ಏನು ಹೋಗಿದೆ?"

"ಒಂದು ತಗಡು ಸಾರ್."

ಹೆಡ್ ಕಾನ್‌ಸ್ಟೆಬಲ್ ಬೀರಪ್ಪ ನಕ್ಕ. "ಉಕ್ಕಿನ ಊರಲ್ಲಿ ಒಂದು ತಗಡಿಗೆ ಎಫ್‌ಐಆರ್ ಬೇಕೇನ್ರಿ ಮಾರಾಯ್ರೆ?"

ಅದು ಅಂತಿಂಥ ತಗಡಲ್ಲ. ಉತ್ತರದ ವಿಜ್ಞಾನ ಕೇಂದ್ರವೊಂದರಲ್ಲಿ ಎಲೆಕ್ಟ್ರಾನುಗಳನ್ನು ಉಂಗುರದಲ್ಲಿ ಓಡಿಸಿ ಸಂಶೋಧನೆಗೆ ಎಕ್ಸ್‌ರೇ ಹೊಮ್ಮಿಸುವ ಸಿಂಕ್ರೋಟ್ರಾನ್ ಯಂತ್ರವಿದೆ. ಅದನ್ನು ಈಗ ಮೇಲ್ದರ್ಜೆಗೇರಿಸುತ್ತಿದ್ದರು. ಹೊಸ ಅಯಸ್ಕಾಂತಗಳ ಒಡಲನ್ನು ತೆಳು ಉಕ್ಕಿನ ತಗಡು ಪೇರಿಸಿ ಮಾಡುವ ಕೆಲಸ ಈ ವರ್ಕ್‌ಶಾಪಿನದು. ಪ್ರತಿ ತಗಡನ್ನೂ ಅಳತೆಯ ಮಾದರಿಯಾದ ಮಾಸ್ಟರ್ ತಗಡಿಗೆ ಹಿಡಿದೇ ಅಳೆಯಬೇಕು; ಕಳುವಾದದ್ದು ಅದೇ. ಶುಕ್ರವಾರ ಕೇಂದ್ರದ ಎಂಜಿನಿಯರ್ ತಪಾಸಣೆಗೆ ಬರುವವರಿದ್ದರು. ಮಾಸ್ಟರ್ ಇಲ್ಲದೆ ಸರಕು ಹೊರಡದು.

11.15, ಸ್ಥಳ ಪಂಚನಾಮೆ. ಮಾಸ್ಟರ್ ಇಡುವ ಪೆಟ್ಟಿಗೆಯ ಬೀಗ ಒಡೆದಿಲ್ಲ. ಪೆಟ್ಟಿಗೆಯಲ್ಲಿ ತಗಡಿಲ್ಲ, ಅದನ್ನು ಸುತ್ತುವ ಎಣ್ಣೆಕಾಗದವಿಲ್ಲ, ಎಣ್ಣೆ ಸೀಸೆಯೂ ಇಲ್ಲ.

"ಗುಜರಿಗೆ ಹಾಕೋನು ತುಕ್ಕಿಗೆ ಹೆದರ್ತಾನೇನೋ?" ಎಂದರು ಓಂಕಾರಪ್ಪ. ಬೀರಪ್ಪ ಈ ಸಲ ನಗಲಿಲ್ಲ.

ಸಿದ್ಧವಾದ ಅಯಸ್ಕಾಂತಗಳಿಗೆಲ್ಲ ಒಂದೊಂದು ಚೀಟಿ: 'ಕಲಸಿ ಜೋಡಿಸಿದೆ', ಕೆಳಗೆ ತಗಡು ಜೋಡಿಸುವ ಪುಷ್ಪಮ್ಮನ ಸಹಿ. ಕೊನೆಯ ಆರಕ್ಕೆ ಸಹಿಯಿಲ್ಲ.

"ಕಲಸೋದು ಅಂದ್ರೆ?"

ಸೂಪರ್‌ವೈಸರ್ ಗುರುಪ್ರಸಾದ್ ಹೇಳಿದ: "ಬೇರೆ ಬೇರೆ ಉಕ್ಕಿನ ಸುರುಳಿಯಿಂದ ಕತ್ತರಿಸಿದ ತಗಡನ್ನ ಇಸ್ಪೀಟಿನ ಥರ ಕಲಸ್ಬೇಕು ಸಾರ್. ಆಗ್ಲೇ ಎಲ್ಲಾ ಅಯಸ್ಕಾಂತಕ್ಕೂ ಒಂದೇ ಬಲ."

"ಈ ಆರು ಕಲಸಿದ್ರಾ?"

ಆತ ಮಾಲೀಕನ ಮುಖ ನೋಡಿದ. "ಅರ್ಜೆಂಟಿತ್ತು ಸಾರ್."

ಸಂಜೆ 4.30. ನ್ಯೂ ಟೌನಿನ ಹಿಂದಿನ ಓಣಿ, ಪುಷ್ಪಮ್ಮನ ಮನೆ. ಮಹಿಳಾ ಕಾನ್‌ಸ್ಟೆಬಲ್ ಸೌಂದರ್ಯ ಬಾಗಿಲು ಬಡಿದಳು. ಪುಷ್ಪಮ್ಮ ಅಕ್ಕಿ ಡಬ್ಬದಿಂದ ಎಣ್ಣೆಕಾಗದದ ಗಂಟು ತೆಗೆದಳು.

"ಬರಿಗೈಲಿ ಮುಟ್ಬೇಡಿ ಸಾರ್, ಬೆವರಿಗೆ ತುಕ್ಕು ಹಿಡಿಯತ್ತೆ."

"ಇದನ್ನ ಯಾಕಮ್ಮ ತಂದೆ?" ಎಂದರು ಓಂಕಾರಪ್ಪ.

"ಕಲಸಿಲ್ದೇ ಇರೋದಕ್ಕೆ ಕಲಸಿದೆ ಅಂತ ಸಹಿ ಹಾಕು ಅಂದ್ರು. ಇಲ್ದಿದ್ರೆ ಶುಕ್ರವಾರದಿಂದ ಬರ್ಬೇಡ ಅಂದ್ರು. ನಮ್ಮನೆಯೋರೂ ಹಿಂಗೇ ಒಂದು ಫೌಂಡ್ರಿಲಿ ಮೇಲಿನೋರ ಮಾತು ಕೇಳಿ ಸಹಿ ಹಾಕಿದ್ರು. ಎರಕ ಬಿರುಕು ಬಿಡ್ತು. ಹೇಳ್ದೋರಿಗೆ ಪ್ರಮೋಷನ್ ಆಯ್ತು. ಹಾಕ್ದೋರು ಕೆಲ್ಸ ಕಳ್ಕೊಂಡು ಇಲ್ಲಿ ಕೂತಿದ್ದಾರೆ ನೋಡಿ."

ಗಂಡ ಮೂರ್ತಪ್ಪ ಗೋಡೆ ಕಡೆ ತಿರುಗಿದ.

"ಎಂಜಿನಿಯರ್‌ಗೆ ಹೇಳ್ಬಹುದಿತ್ತಲ್ಲ?"

"ನನ್ನನ್ನ ಅವರ ಹತ್ರ ಬಿಡ್ತಾರಾ? ಪೆಟ್ಟಿಗೆ ಕೀಲಿ ದಿನಾ ನನ್ನ ಕೈಗೇ ಕೊಡೋರು. ಮಾಸ್ಟರ್ ಇಲ್ದಿದ್ರೆ ಅವರೇ ಯಾಕೆ ಅಂತ ಕೇಳ್ತಾರೆ ಅಂದ್ಕೊಂಡೆ."

ಇಬ್ಬರು ಪಂಚರ ಮುಂದೆ ಜಪ್ತಿ. 5.50ಕ್ಕೆ, ಸೇವಕರು ಮಾಡಿದ ಕಳವಿನ ಕಲಂ 381ರಡಿ ದಸ್ತಗಿರಿ.

ಠಾಣೆಯಲ್ಲಿ ಮಾಲೀಕ ಕೈ ಚಾಚಿ ನಿಂತಿದ್ದ. "ತಗಡು ಕೊಡಿ ಸಾರ್."

"ಅದೀಗ ಮುದ್ದೆಮಾಲು. ಕೋರ್ಟಲ್ಲಿ ಬಿಡಿಸ್ಕೊಳ್ಳಿ. ಸಹಿಯಿಲ್ಲದ ಆರು ಚೀಟಿನೂ ಜಪ್ತಿ ಮಾಡಿದ್ದೀನಿ. ಎಂಜಿನಿಯರ್ ನನ್ನ ಹತ್ರಾನೂ ಬಂದು ಹೋಗ್ಲಿ."

ಆತ ಫೋನು ಹುಡುಕುತ್ತ ಹೊರಗೋಡಿದ. ಓಂಕಾರಪ್ಪನವರಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಸುಳ್ಳು ಬರೆಯಲು ಹೇಳಿದವರಿಗೆ ಮನೆ, ಬರೆಯದವಳಿಗೆ ನಾಳೆ ಕೋರ್ಟು, ಜಾಮೀನು ಸಿಗದಿದ್ದರೆ ಶಿವಮೊಗ್ಗ ಜೈಲು. ಇಂಥದ್ದನ್ನು ಎಷ್ಟು ಕಂಡಿದ್ದರೋ.

ಸೌಂದರ್ಯ ಹೇಳಿಕೆಯ ಹಾಳೆ ಚಾಚಿದಳು. "ಇಲ್ಲಿ ಸಹಿ ಹಾಕಮ್ಮ."

"ಓದ್ತೀನಿ."

ಬೀರಪ್ಪ ಗೊಣಗಿದ. ಅವಳು ಸಾಲಿಗೆ ಬೆರಳಿಟ್ಟು ನಿಧಾನ ಓದಿದಳು. "ತಗೊಂಡಿದ್ದು ನಿಜ. 'ಲಾಭಕ್ಕಾಗಿ' ಅಂತ ಬರ್ದಿದ್ದೀರಿ. ನಾನು ಹಾಗೆ ಹೇಳ್ಲಿಲ್ಲ."

ಓಂಕಾರಪ್ಪ ಆ ಪದ ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಸಹಿ ಮಾಡಿದರು. ಆಮೇಲೆ ಅವಳು ಪೆನ್ನು ತೆಗೆದುಕೊಂಡಳು.